ಮುಲ್ಲರ್ ಅಂದ್ರೆ ಗಿರಣಿಯವನು!

ಮಂಗಳೂರಿನವರಿಗೆ ಮುಲ್ಲರ್ ಅಂದ್ರೆ ಕಂಕನಾಡಿಯ ಆಸ್ಪತ್ರೆ. ಬೆಂಗಳೂರಿನಲ್ಲಿ ಜರ್ಮನ್ ಕಲಿಯುವವರಿಗೆ ಮ್ಯಾಕ್ಸ್ ಮುಲ್ಲರ್ ಭವನ. ಮೊದಲನೆಯವರು 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದ ಪಾದ್ರಿ ಅಗಸ್ಟಸ್ ಮುಲ್ಲರ್. ಎರಡನೆಯವರು ಋಗ್ವೇದವನ್ನು ಸಂಪಾದಿಸಿ ಅಚ್ಚು ಹಾಕಿಸಿದರೂ ಭಾರತಕ್ಕೆ ಒಮ್ಮೆಯೂ ಬಾರದ ಮ್ಯಾಕ್ಸ್ ಮುಲ್ಲರ್. ಹೆಸರು ಒಂದೇ ಅಂತ ನೆಂಟರು ಅಂದ್ಕೋಬೇಡಿ. ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು ಇದೇ. ಅರ್ಥ ಇಷ್ಟೇ: ಹಿಟ್ಟಿನ ಗಿರಣಿಯವನು.

ನನಗೆ ಈ ಹೆಸರಿನ ಮೇಲೆ ಕುತೂಹಲ ಹುಟ್ಟಲು ಕಾರಣ ನನ್ನದೇ ಅಡ್ಡಹೆಸರು. ನಾನು ಬಡಿಗೇರ. ಅಜ್ಜ ನೇಗಿಲು, ಬಾಗಿಲು, ತೊಟ್ಟಿಲು ಮಾಡುತ್ತಿದ್ದರು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ಉಳಿ ಹಿಡಿದವನಲ್ಲ. ಆದರೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಹೆಸರು ಹೇಳಿದ ಕೂಡಲೇ ಬರುವ ಮುಂದಿನ ಪ್ರಶ್ನೆ, ‘ಬಡಿಗೇರ ಅಂದ್ರೆ ಯಾವ ಜನ?’ ನಮ್ಮ ಆಫೀಸಿನ ಜರ್ಮನ್ ಟೀಮಿನ ಮುಲ್ಲರ್‌ನನ್ನು ಇಂಥ ಪ್ರಶ್ನೆ ಕೇಳಿದವರಿದ್ದಾರಾ ಅಂತ ವಿಚಾರಿಸಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಹಾಗಂತ ಅಲ್ಲಿ ಮೊದಲಿನಿಂದಲೂ ಹಾಗೇ ಇತ್ತಾ? ಇಲ್ಲ.

ಹನ್ನೆರಡನೇ ಶತಮಾನದ ಹೊತ್ತಿಗೆ ಜರ್ಮನ್ ಪಟ್ಟಣಗಳು ಬೆಳೆದವು. ಬೀದಿಗೆ ನಾಲ್ಕು ಯೊಹಾನೆಸ್, ಐದು ಹೈನ್ರಿಶ್. ಯಾರು ಯಾರೆಂದು ತಿಳಿಯಲು ಕಸುಬನ್ನು ಹೆಸರಿಗೆ ಜೋಡಿಸಿದರು. ಕಮ್ಮಾರ ಶ್ಮಿಟ್ ಆದ, ದರ್ಜಿ ಶ್ನೈಡರ್ ಆದ, ಗಿರಣಿಯವನು ಮುಲ್ಲರ್ ಆದ. ಮುಂದಿನ ಶತಮಾನಗಳಲ್ಲಿ ಅದೇ ಹೆಸರು ಅಪ್ಪನಿಂದ ಮಕ್ಕಳಿಗೆ ಇಳಿಯಿತು. ಉತ್ತರದಲ್ಲಿ ಮ್ಯೋಲರ್, ದಕ್ಷಿಣದ ಕೆಲವೆಡೆ ಮಿಲ್ಲರ್. ಓದಿದವರು ಲ್ಯಾಟಿನ್ ಮಾಡಿಕೊಂಡು ಮೋಲಿಟರ್ ಎಂದೂ ಬರೆದುಕೊಂಡರು.

ಗಿರಣಿಯವನಿಲ್ಲದೆ ಊರಿಗೆ ರೊಟ್ಟಿ ಇಲ್ಲ. ಆದರೂ ಊರಿಗೆ ಅವನ ಮೇಲೆ ಅನುಮಾನ. ಅನೇಕ ಕಡೆ ರೈತರು ಧಣಿಯ ಗಿರಣಿಯಲ್ಲೇ ಕಾಳು ಬೀಸಿಸಬೇಕೆಂಬ ಕಟ್ಟುಪಾಡಿತ್ತು. ಬೀಸಿದ ಕೂಲಿಗೆ ಅವನು ಕಾಳಿನಲ್ಲೇ ಒಂದು ಪಾಲು ತೆಗೆದುಕೊಳ್ಳುತ್ತಿದ್ದ. ‘ಅಳತೆಯಲ್ಲಿ ಕದೀತಾನೆ’ ಎಂಬ ಮಾತು ಹಬ್ಬಿತು. ಹಲವು ಊರುಗಳಲ್ಲಿ ಅದು ಮರ್ಯಾದೆಯಿಲ್ಲದ ಕಸುಬೆನಿಸಿಕೊಂಡಿತು. ಗಿರಣಿಯವನ ಮಗನನ್ನು ಬೇರೆ ಕಸುಬಿನ ಸಂಘಗಳು ಸೇರಿಸಿಕೊಳ್ಳಲಿಲ್ಲ. 1548ರಲ್ಲಿ ಸಾಮ್ರಾಜ್ಯವೇ ಕಾನೂನು ತಂದು ನೇಕಾರರು, ಕುರಿಗಾಹಿಗಳು, ಕ್ಷೌರಿಕರ ಜೊತೆಗೆ ಗಿರಣಿಯವರ ಮಕ್ಕಳನ್ನೂ ಹೊರಗಿಡಬಾರದು ಎಂದು ಹೇಳಬೇಕಾಯಿತು. ಕಾನೂನು ಬಂದ ಮಾತ್ರಕ್ಕೆ ಜನ ಬದಲಾಗಲಿಲ್ಲ. 1731ರಲ್ಲಿ ಮತ್ತೆ ಅಂಥದ್ದೇ ಕಾನೂನು ಬೇಕಾಯಿತು.

ಹೆಸರಿನ ಕಳಂಕ ಹೋಗಿದ್ದು ಹೆಸರು ಬದಲಿಸಿಕೊಂಡದ್ದರಿಂದಲ್ಲ. ಹೆಸರು ಮತ್ತು ಕಸುಬಿನ ಗಂಟು ಬಿಚ್ಚಿಕೊಂಡಿದ್ದರಿಂದ. ಪ್ರಶ್ಯಾ ರಾಜ್ಯ 1810ರಲ್ಲಿ ಕಸುಬುಗಳ ಮೇಲಿದ್ದ ಸಂಘಗಳ ಹಿಡಿತವನ್ನು ಮುರಿಯಿತು. ಅದಕ್ಕೂ ಮೊದಲೇ ಎಷ್ಟೋ ಮುಲ್ಲರ್‌ಗಳು ಗಿರಣಿ ಬಿಟ್ಟಿದ್ದರು. ಮ್ಯಾಕ್ಸ್ ಮುಲ್ಲರ್ ಅವರ ಮನೆಯನ್ನೇ ನೋಡಿ. ಅವರ ಅಜ್ಜ ದೆಸ್ಸಾವ್ ಪಟ್ಟಣದ ದರ್ಜಿ. ಅಪ್ಪ ವಿಲ್ಹೆಲ್ಮ್ ಮುಲ್ಲರ್ ಕವಿ. ಗಿರಣಿಯ ಹುಡುಗಿಯೊಬ್ಬಳ ಮೇಲೆ ಆ ಕವಿ ಬರೆದ ಪದ್ಯಗಳಿಗೆ ಶೂಬರ್ಟ್ 1823ರಲ್ಲಿ ರಾಗ ಹಾಕಿದ. ಅದೇ ವರ್ಷ ಮ್ಯಾಕ್ಸ್ ಹುಟ್ಟಿದ್ದು.

ವಲಸೆ ಹೋದವರ ಕಥೆ ಬೇರೆ. 1683ರಲ್ಲಿ ಕ್ರೆಫೆಲ್ಡ್‌ನ ಕೆಲವು ಕುಟುಂಬಗಳು ಫಿಲಡೆಲ್ಫಿಯಾ ಬಳಿ ಜರ್ಮನ್‌ಟೌನ್ ಕಟ್ಟಿದವು. ಮುಂದಿನ ಶತಮಾನದಲ್ಲಿ ಯುದ್ಧ, ಬಡತನದಿಂದ ಬೇಸತ್ತವರು ರೈನ್ ನದಿಯಲ್ಲಿ ರಾಟರ್‌ಡ್ಯಾಮ್‌ಗೆ ಇಳಿದು, ಹಡಗು ಹತ್ತಿ ಅಮೆರಿಕ ಸೇರಿದರು. ಎರಡು ಚುಕ್ಕೆ ಹೊತ್ತ ಜರ್ಮನ್ ಅಕ್ಷರ ಇಂಗ್ಲಿಷ್ ಗುಮಾಸ್ತರಿಗೆ ಗೊತ್ತಿರಲಿಲ್ಲ. ಹೀಗೆ ಅನೇಕ ಮುಲ್ಲರ್‌ಗಳು ಮಿಲ್ಲರ್‌ಗಳಾದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರ ಮೇಲೆ ಸಿಟ್ಟು ಏರಿದಾಗ ಕೆಲವರು ತಾವಾಗಿಯೇ ಹೆಸರು ಬದಲಿಸಿಕೊಂಡರು.

ಪೂರ್ವಕ್ಕೆ ಹೋದವರಿಗೆ ಹಾಗೆ ಅಡಗಲು ಆಗಲಿಲ್ಲ. 1763ರಲ್ಲಿ ರಾಣಿ ಕ್ಯಾಥರೀನ್ ಕರೆದಳೆಂದು ವೋಲ್ಗಾ ನದಿಯ ದಂಡೆಗೆ ಹೋಗಿ ಬೇಸಾಯ ಮಾಡಿದವರ ವಂಶದವರನ್ನು 1941ರಲ್ಲಿ ಸ್ಟಾಲಿನ್ ಸರ್ಕಾರ ಸೈಬೀರಿಯಾ, ಕಜಕಸ್ತಾನಕ್ಕೆ ಅಟ್ಟಿತು. ಅವರು ಮಾಡಿದ ತಪ್ಪು ಜರ್ಮನ್ ಮೂಲದವರಾಗಿದ್ದು, ಅಷ್ಟೇ. ಆ ಮೂಲದ ಲಕ್ಷಾಂತರ ಜನ ಜರ್ಮನಿಗೆ ಮರಳಿದ್ದು 1980ರ ದಶಕದ ಕೊನೆಯ ನಂತರ.

ನಮ್ಮಲ್ಲೂ ಇಂಥ ಹೆಸರುಗಳಿಗೇನು ಕಡಿಮೆ? ಕಂಬಾರ, ಕುಂಬಾರ, ಪತ್ತಾರ, ಗಾಣಿಗೇರ, ಹೂಗಾರ, ಬಡಿಗೇರ. ಕಸುಬು ಬಿಟ್ಟವರು ಲಕ್ಷಾಂತರ. ಆದರೆ ನಮ್ಮಲ್ಲಿ ಕಸುಬಿಗೆ ಜಾತಿ ಅಂಟಿದೆ, ಮದುವೆ ಜಾತಿಯೊಳಗೇ ಆಗುತ್ತದೆ. ಹಾಗಾಗಿ ಹೆಸರು ಕೇಳಿದವರಿಗೆ ಉಳಿ, ಗಾಣ, ತಿಗರಿ ಕಾಣಿಸುವುದಿಲ್ಲ. ಜಾತಿ ಮಾತ್ರ ಕಾಣಿಸುತ್ತದೆ. ನನ್ನ ಗೆಳೆಯರು ಕೆಲವರು ಇದೇ ಕಾರಣಕ್ಕೆ ಅಡ್ಡಹೆಸರು ಬಿಟ್ಟು ಬರೀ ಇನಿಷಿಯಲ್ ಇಟ್ಟುಕೊಂಡಿದ್ದಾರೆ. ಅವರನ್ನು ನಾನು ತಪ್ಪು ಅನ್ನಲಾರೆ. ಆದರೆ ಅಜ್ಜ ಮಾಡಿದ ತೊಟ್ಟಿಲಲ್ಲಿ ನಮ್ಮೂರಿನ ಎಷ್ಟೋ ಮಕ್ಕಳು ಮಲಗಿದ್ದಾರೆ. ಆ ಹೆಸರನ್ನು ನಾನು ಬಿಡಲಾರೆ.

ನಿಮ್ಮ ಅಡ್ಡಹೆಸರಿನ ಹಿಂದೆ ಯಾವ ಕಸುಬಿದೆ? ಮನೆಯ ಹಿರಿಯರನ್ನು ಕೇಳಿ, ಓದುಗರ ಅಂಕಣಕ್ಕೆ ಬರೆಯಿರಿ. ಯಾವ ಜನ ಅಂತ ಹೇಳೋದು ಬೇಡ. ಕೈಯಲ್ಲಿ ಏನು ಹಿಡಿದಿದ್ದರು, ಏನು ಮಾಡುತ್ತಿದ್ದರು, ಅಷ್ಟು ಸಾಕು.