ಮೊದಲು ಎದ್ದು ಕೊನೆಗೆ ಉಣ್ಣುವವರು

ಬೆಳಗಿನ ಐದೂವರೆ. ಹಾಸನ ಸೀಮೆಯ ಆ ಹಳ್ಳಿಯ ಸರ್ಕಾರಿ ಶಾಲೆಯ ಕೊಠಡಿಗಳಲ್ಲಿ ಜಮಖಾನ ಕೊಡವಿ ಮಡಚುವ ಗದ್ದಲ. ಹೊರಗೆ ಮೂರು ಕಲ್ಲಿನ ಒಲೆಯ ಮೇಲೆ ಕಾಫಿ ನೀರು ಮರಳುತ್ತಿದೆ. ಸೀಟಿ ಬಿದ್ದದ್ದೇ ತಡ, ಕಾವೇರಿ, ತುಂಗಾ, ಶರಾವತಿ, ಹೇಮಾವತಿ ತಂಡಗಳು ಅಂಗಳದಲ್ಲಿ ಸಾಲುಗಟ್ಟುತ್ತವೆ. ಧ್ವಜ ಏರುತ್ತದೆ. ನಿದ್ದೆಗಣ್ಣಿನ ದನಿಗಳು ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಹದಕ್ಕೆ ಬರುತ್ತವೆ.

ಇದು ಪದವಿ ಕಾಲೇಜೊಂದರ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆಗೆ ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋಗಿದ್ದ ಡಾ. ವಿ.ಕೆ.ಆರ್.ವಿ. ರಾವ್. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಹಳ್ಳಿಯಲ್ಲಿ ಏಳು ದಿನದ ವಾಸ: ಸ್ವಯಂಸೇವಕರ ಪಾಲಿನ ಲೆಕ್ಕ ಇಷ್ಟೇ. ಎದೆಯ ಮೇಲಿನ ಬಿಲ್ಲೆಯಲ್ಲಿ ಕೋನಾರ್ಕದ ರಥಚಕ್ರ.

ಉಪ್ಪಿಟ್ಟು ಮುಗಿಸಿ ಗುದ್ದಲಿ, ಹಾರೆ, ಬಾಂಡ್ಲಿ ಹೊತ್ತ ದಂಡು ಊರಿನ ನೀರಿನ ತೊಂಬೆಯತ್ತ ಹೊರಡುತ್ತದೆ. ನಿನ್ನೆ ಮನೆಮನೆ ಸಮೀಕ್ಷೆಗೆ ಹೋದಾಗ ಅಜ್ಜಿಯೊಬ್ಬರು, “ನನ್ನ ವಯಸ್ಸು ಕಟ್ಕೊಂಡು ಏನ್ ಮಾಡ್ತೀಯವ್ವಾ? ತೊಂಬೆ ಬುಡ್ದಲ್ಲಿ ನೀರ್ ನಿಂತು ಸೊಳ್ಳೆ ಕಾಟ, ಅದನ್ನ ಬರ್ಕೋ” ಅಂದಿದ್ದರು. ಸಮೀಕ್ಷೆಯ ನಮೂನೆಯಲ್ಲಿ ಅದಕ್ಕೊಂದು ಕಲಮೇ ಇರಲಿಲ್ಲ. ಹೇಮಾವತಿ ತಂಡದ ನಾಯಕಿ ಅದನ್ನು ಅಂಚಿನಲ್ಲಿ ಗೀಚಿಕೊಂಡಿದ್ದಳು. ಇವತ್ತಿನ ಇಂಗುಗುಂಡಿ ಅದರ ಫಲ.

ಸುಣ್ಣದ ಪುಡಿ ಚೆಲ್ಲಿ ಗುರುತು ಹಾಕಿ ಮೊದಲ ಏಟು ಹಾಕುತ್ತಿದ್ದಂತೆ ಪಕ್ಕದ ಮನೆಯ ಯಜಮಾನರು ಬಾಗಿಲಿಗೆ ಬಂದರು. “ಇಲ್ಲಿ ತೋಡಿದ್ರೆ ನನ್ ಗೋಡೆ ಥಂಡಿ ಹಿಡೀತದೆ. ಯಾರ್ನ ಕೇಳಿ ಅಗೀತಿದ್ದೀರಾ?” ಹುಡುಗನೊಬ್ಬ ಪಂಚಾಯ್ತಿಯ ಅನುಮತಿಯ ಮಾತೆತ್ತಿದ. ಯೋಜನಾಧಿಕಾರಿ ಮೇಷ್ಟ್ರು ಬೇವಿನ ಮರದಡಿ ನಿಂತು ನೋಡುತ್ತಿದ್ದರೇ ಹೊರತು ತುಟಿ ಬಿಚ್ಚಲಿಲ್ಲ. ನಾಯಕಿ ಗುದ್ದಲಿ ಕೆಳಗಿಟ್ಟು, “ಹಂಗಾದ್ರೆ ಎಲ್ಲಿ ತೋಡೋಣ, ನೀವೇ ಹೇಳಿ ದೊಡ್ಡಪ್ಪ” ಎಂದಳು. ಆತ ಒಂದು ಗಳಿಗೆ ಸುಮ್ಮನಿದ್ದು, ಮಳೆ ನೀರು ಹರಿದು ಹೋಗುವ ದಿಕ್ಕನ್ನು ತೋರಿಸಿದರು. ಗುಂಡಿ ಎರಡು ಮಾರು ಆಚೆ ಸರಿಯಿತು. ಹೊತ್ತು ಏರುವಷ್ಟರಲ್ಲಿ ಅವರ ಮನೆಯ ಹಾರೆಯೂ ಕೆಲಸಕ್ಕೆ ಇಳಿದಿತ್ತು. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು. ಅಂಗೈಯ ಬೊಬ್ಬೆಗಳನ್ನು ಒಬ್ಬರಿಗೊಬ್ಬರು ತೋರಿಸಿ ನಗುವ ಹುಡುಗ ಹುಡುಗಿಯರ ಸುತ್ತ ಊರಿನ ಚಿಳ್ಳೆಪಿಳ್ಳೆಗಳ ಜಾತ್ರೆ.

ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು. ಬಡಿಸುವ ಸರದಿ ಯಾವ ತಂಡದ್ದೋ ಅವರು ಕೊನೆಗೆ ಕೂರಬೇಕು. ಸಾರು ತಳ ಕಂಡಿದ್ದರೆ ಮಜ್ಜಿಗೆಯಲ್ಲೇ ಊಟ. ಮನೆಯಲ್ಲಿ ತಟ್ಟೆ ತೊಳೆದು ಗೊತ್ತಿಲ್ಲದ ಹುಡುಗರು ಇಲ್ಲಿ ಕೊಳದಪ್ಪಲೆ ಉಜ್ಜುತ್ತಾರೆ. ಯಾರ ಊರು, ಯಾರ ಜಾತಿ ಎಂದು ಆ ಪಂಕ್ತಿಯಲ್ಲಿ ಕೇಳುವವರಿಲ್ಲ.

ರಾತ್ರಿ, ಊರವರ ಮುಂದೆ ಹಾಡು, ಕೋಲಾಟ, ಕಿರುನಾಟಕ ಎಲ್ಲ ಮುಗಿದ ಮೇಲೆ, ಅವಲೋಕನ ಸಭೆ. ಮೇಷ್ಟ್ರು ಕೇಳಿದರು: “ಬೆಳಗ್ಗೆ ಒಂದು ಗಂಟೆ ಕೆಲಸ ಯಾಕಮ್ಮ ನಿಂತಿತು?” ನಾಯಕಿ ಎದ್ದು ನಿಂತಳು: “ಗುರುತು ಹಾಕೋಕೆ ಮುಂಚೆ ಆ ಮನೆಯೋರನ್ನ ಕೇಳಬೇಕಿತ್ತು ಸಾರ್. ತಂಡದ್ದಲ್ಲ, ನನ್ನದೇ ತಪ್ಪು.” ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಷ್ಟ್ರು ನಾಳೆಯ ಕೆಲಸದ ಪಟ್ಟಿ ಓದತೊಡಗಿದರು.

ಮುಂದಾಳತನವೆಂದರೆ ಮೈಕು, ಹಾರ, ಫ್ಲೆಕ್ಸು ಎಂದು ನಂಬಿರುವ ಕಾಲ ಇದು. ಕೇಳಿ ಕೆಲಸ ಮಾಡುವುದು, ಕೆಟ್ಟದ್ದಕ್ಕೆ ತಾನು ಹೊಣೆ ಹೊರುವುದು, ಎಲ್ಲರದೂ ಆದಮೇಲೆ ಎಲೆ ಮುಂದೆ ಕೂರುವುದು, ಇವನ್ನು ಯಾವ ಭಾಷಣವೂ ಕಲಿಸದು. ಹಾಗೆಂದು ಏಳು ದಿನದಲ್ಲಿ ಎಲ್ಲವೂ ಆಗಿಬಿಡುತ್ತದೆ ಎನ್ನುವಂತಿಲ್ಲ. ಸಮಾರೋಪದ ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದರೆ ಮತ್ತೆ ಆ ಊರಿನ ದಾರಿಯನ್ನೇ ತುಳಿಯದ ಕಾಲೇಜುಗಳಿವೆ. ಮಳೆಗಾಲ ಕಳೆದರೆ ಇಂಗುಗುಂಡಿಯಲ್ಲಿ ಹೂಳು ಕಟ್ಟುತ್ತದೆ, ನೀರು ಮತ್ತೆ ತೊಂಬೆ ಬುಡದಲ್ಲಿ ನಿಲ್ಲುತ್ತದೆ. ತೋಡಿದ ಕೈಗಳೇ ಹೋಗಿ ಆ ಹೂಳು ತೆಗೆದು ಬರಲಿ. ಪ್ರಾಂಶುಪಾಲರೇ, ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅದಾದ ಮೇಲಿರಲಿ.