ಗಾಜಿನ ತೊಟ್ಟಿಯಲ್ಲೊಂದು ಕಡಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಕಡಲಿನಿಂದ ಬಹುದೂರವಿರುವ ಬಯಲುಸೀಮೆಯ ಊರುಗಳು. ಇಲ್ಲಿ ನೀರೆಂದರೆ ಕೆರೆ, ಬಾವಿ, ಕೊಳವೆಬಾವಿ, ಹೆಚ್ಚೆಂದರೆ ತುಂಗಭದ್ರೆ. ಮಳೆ ಕೈಕೊಟ್ಟ ವರ್ಷ ಕೆರೆಯ ನೀರು ದಿನದಿನಕ್ಕೆ ಇಳಿಯುವುದನ್ನೂ, ಉಳಿದ ನೀರು ಕೆಟ್ಟು ಮೀನುಗಳು ಸತ್ತು ತೇಲುವುದನ್ನೂ ಬಯಲುಸೀಮೆಯ ಜನರು ಬಲ್ಲರು. ನೀರು ಇರುವುದು ಬೇರೆ, ಜೀವಿಗಳು ಬಾಳುವಂತೆ ಅದು ಇರುವುದು ಬೇರೆ. ಈ ಸತ್ಯವನ್ನು ಅತ್ಯಂತ ಕಠಿಣವಾಗಿ ಕಲಿಸುವ ಒಂದು ಹವ್ಯಾಸವು ಜಗತ್ತಿನ ಅನೇಕ ದೇಶಗಳಲ್ಲಿ ಬೆಳೆದಿದೆ. ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ, ಜೀವಂತ ಹವಳಗಳನ್ನೂ ಅವುಗಳ ನಡುವೆ ಬಾಳುವ ಮೀನುಗಳನ್ನೂ ಸಾಕುವುದೇ ಆ ಹವ್ಯಾಸ. ಅದರ ಯಶಸ್ಸಿಗೆ ಎಲ್ಲಕ್ಕಿಂತ ಮುಖ್ಯವಾದುದು ಯಾವುದು? ಬೆಲೆಬಾಳುವ ಯಂತ್ರಗಳೇ? ಬಣ್ಣಬಣ್ಣದ ಮೀನುಗಳೇ? ಎರಡೂ ಅಲ್ಲ.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಸಣ್ಣ ಚೀಲದಂತಹ ದೇಹ, ಮೇಲೊಂದು ಬಾಯಿ, ಬಾಯಿಯ ಸುತ್ತಲೂ ಆಹಾರ ಹಿಡಿಯುವ ಎಳೆಗಳು, ಇಷ್ಟೇ ಅದರ ರಚನೆ. ಇಂತಹ ಸಾವಿರಾರು ಜೀವಿಗಳು ಒಟ್ಟಾಗಿ ಬಾಳುತ್ತ, ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತಮ್ಮ ಅಡಿಯಲ್ಲಿ ಗಟ್ಟಿಯಾದ ಗೂಡನ್ನು ಕಟ್ಟಿಕೊಳ್ಳುತ್ತವೆ. ತಲೆಮಾರುಗಳ ಇಂತಹ ಗೂಡುಗಳು ಒಂದರ ಮೇಲೊಂದು ಸೇರಿ ಹವಳದ ದಿಬ್ಬಗಳಾಗುತ್ತವೆ. ದಿಬ್ಬ ಕಟ್ಟುವ ಹವಳಗಳ ದೇಹದೊಳಗೆ ಕಣ್ಣಿಗೆ ಕಾಣದ ಪಾಚಿಗಳು ನೆಲೆಸಿರುತ್ತವೆ. ಪಾಚಿಯು ಬಿಸಿಲಿನ ಸಹಾಯದಿಂದ ಆಹಾರವನ್ನು ತಯಾರಿಸಿ ಹವಳಕ್ಕೂ ಕೊಡುತ್ತದೆ. ಹವಳವು ಪಾಚಿಗೆ ಆಶ್ರಯ ನೀಡುತ್ತದೆ. ನೀರಿನ ಉಷ್ಣತೆಯು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಸಾಕು, ಈ ಸ್ನೇಹ ಮುರಿಯುತ್ತದೆ. ಪಾಚಿಯನ್ನು ಕಳೆದುಕೊಂಡ ಹವಳವು ಬಿಳಿಚಿಕೊಳ್ಳುತ್ತದೆ. ಸ್ಥಿತಿಯು ಬೇಗ ಸುಧಾರಿಸದಿದ್ದರೆ ಸಾಯುತ್ತದೆ. 1998ರಲ್ಲಿ ಕಡಲು ಬಿಸಿಯೇರಿದಾಗ ಲಕ್ಷದ್ವೀಪದ ಹವಳಗಳಿಗೆ ಒದಗಿದ ಗತಿ ಇದೇ.

ಕಡಲು ಅಪಾರವಾದುದು. ಆದುದರಿಂದಲೇ ಅದರ ಗುಣಗಳು ಬಹು ನಿಧಾನವಾಗಿ ಬದಲಾಗುತ್ತವೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಇಂದಿಗೂ ನಾಳೆಗೂ ಈ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಇಂತಹ ನೀರಿಗೆ ಹೊಂದಿಕೊಂಡ ಜೀವಿಯನ್ನು ನೂರು ಲೀಟರಿನ ತೊಟ್ಟಿಗೆ ತಂದರೆ ಅದರ ಜಗತ್ತೇ ಬದಲಾಗುತ್ತದೆ. ಕಡಲಿನಲ್ಲಿ ಲೆಕ್ಕಕ್ಕೆ ಬಾರದ ಒಂದು ಹಿಡಿ ಆಹಾರವು ತೊಟ್ಟಿಯಲ್ಲಿ ವಿಷವಾಗಬಲ್ಲದು. ಆದುದರಿಂದ ತೊಟ್ಟಿಯ ಯಶಸ್ಸಿನ ಗುಟ್ಟು ಒಂದೇ ಮಾತಿನಲ್ಲಿದೆ: ನೀರಿನ ಸ್ಥಿರತೆ. ಅನುಭವಿಗಳು ಮೊದಲು ನೀರನ್ನು ಸಾಕುತ್ತಾರೆ; ನೀರು ಮೀನನ್ನೂ ಹವಳವನ್ನೂ ಸಾಕುತ್ತದೆ.

ಈ ತಿಳಿವಳಿಕೆಯು ಒಮ್ಮೆಗೇ ಬಂದುದಲ್ಲ. 1850ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬುವನು ಮೀನು, ನೀರುಗಿಡ, ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು, ಅವು ಒಂದಕ್ಕೊಂದು ಆಸರೆಯಾಗಿ ಬಾಳುವುದನ್ನು ವಿವರಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯವು ತೆರೆಯಿತು. ಆದರೆ ಹವಳವನ್ನು ಸಾಕುವುದು ಮಾತ್ರ ಬಹುಕಾಲ ಅಸಾಧ್ಯವೆಂದೇ ತೋರುತ್ತಿತ್ತು. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬುವರು 1961ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಜೀವಿಗಳಿಂದ ಕೂಡಿದ ಕಡಲ ಕಲ್ಲುಗಳನ್ನು ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳಿಂದ ನೀರನ್ನು ಆಡಿಸುವುದೇ ಅವರ ವಿಧಾನವಾಗಿತ್ತು. ನೀರನ್ನು ಶುದ್ಧಗೊಳಿಸುವ ಕೆಲಸವನ್ನು ಆ ಕಲ್ಲುಗಳಲ್ಲಿದ್ದ ಸೂಕ್ಷ್ಮಾಣುಗಳೇ ಮಾಡುತ್ತಿದ್ದವು.

ಈ ಸೂಕ್ಷ್ಮಾಣುಗಳ ಕೆಲಸವನ್ನು ಅರಿಯಲು ದನದ ಕೊಟ್ಟಿಗೆಯನ್ನು ನೆನೆದರೆ ಸಾಕು. ಗಂಜಲ ನಿಂತ ಕಡೆ ಮೂಗಿಗೆ ಬಡಿಯುವ ಘಾಟು ಅಮೋನಿಯದ್ದು. ಮೀನುಗಳೂ ಅಮೋನಿಯವನ್ನು ಹೊರಹಾಕುತ್ತವೆ. ಕೊಳೆತ ಆಹಾರದಿಂದಲೂ ಅದು ಹುಟ್ಟುತ್ತದೆ. ನೀರಿನಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಸೇರಿದರೂ ಮೀನಿಗೆ ಮಾರಕ. ಒಂದು ಬಗೆಯ ಸೂಕ್ಷ್ಮಾಣುಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅದರ ತೊಂದರೆ ಕಡಿಮೆ. ಹೊಲದಲ್ಲಿ ಗೊಬ್ಬರವು ಬೆಳೆಗೆ ಒದಗುವಂತಾಗುವುದೂ ಇದೇ ಕ್ರಿಯೆಯಿಂದ. ಇದು ಜೀವಿಗಳ ಕೆಲಸವೆಂಬುದನ್ನು 1877ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿದರು. 1890ರ ಸುಮಾರಿಗೆ ರಷ್ಯಾದ ವಿನೋಗ್ರಾಡ್ಸ್ಕಿ ಎಂಬ ವಿಜ್ಞಾನಿಯು ಆ ಸೂಕ್ಷ್ಮಾಣುಗಳನ್ನು ಬೇರ್ಪಡಿಸಿದನು.

ಹೊಸ ತೊಟ್ಟಿಯಲ್ಲಿ ಈ ಅದೃಶ್ಯ ಕೆಲಸಗಾರರು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟು ಕಾಲ ಕಾಯದೆ ಮೀನುಗಳನ್ನು ಬಿಟ್ಟವರು ನೀರಿಗಲ್ಲ, ವಿಷಕ್ಕೆ ಅವನ್ನು ಬಿಟ್ಟಂತಾಗುತ್ತದೆ. ನೀರು ತಿಳಿಯಾಗಿ ಕಾಣುವುದೇ ಶುದ್ಧತೆಯ ಗುರುತಲ್ಲ. ಪರೀಕ್ಷೆಯಲ್ಲಿ ಅಮೋನಿಯ ಮತ್ತು ನೈಟ್ರೈಟ್‌ಗಳು ಶೂನ್ಯಕ್ಕೆ ಇಳಿಯಬೇಕು. ಅನಂತರವೂ ಜೀವಿಗಳನ್ನು ಒಂದೊಂದಾಗಿ, ವಾರಗಳ ಅಂತರವಿಟ್ಟು ಸೇರಿಸಬೇಕು.

ಎರಡನೆಯ ಎಚ್ಚರಿಕೆ ಉಪ್ಪಿನದು. ಬಯಲುಸೀಮೆಯ ಒಣಗಾಳಿಯಲ್ಲಿ ನೀರು ಬೇಗನೆ ಆವಿಯಾಗುತ್ತದೆ; ಆದರೆ ಉಪ್ಪು ಆವಿಯಾಗದು. ನೀರು ಇಂಗಿದ ಚೌಳು ನೆಲದ ಮೇಲೆ ಉಳಿಯುವ ಬಿಳಿಯ ಪದರವೇ ಇದಕ್ಕೆ ಸಾಕ್ಷಿ. ನೂರು ಲೀಟರಿನ ತೊಟ್ಟಿಯಲ್ಲಿ 3,500 ಗ್ರಾಂ ಲವಣವಿದೆಯೆಂದು ಭಾವಿಸೋಣ. ಹತ್ತು ಲೀಟರ್ ನೀರು ಆವಿಯಾದರೆ, ಉಳಿದ ಪ್ರತಿ ಲೀಟರಿನಲ್ಲಿ ಲವಣವು 35 ಗ್ರಾಂನಿಂದ ಸುಮಾರು 39 ಗ್ರಾಂಗೆ ಏರುತ್ತದೆ. ಆಗ ಉಪ್ಪುನೀರನ್ನೇ ಸುರಿದರೆ ಲವಣವು ಇನ್ನಷ್ಟು ಕೂಡುತ್ತದೆ. ಆವಿಯಾದಷ್ಟು ಸಿಹಿನೀರನ್ನು ದಿನವೂ ಸ್ವಲ್ಪಸ್ವಲ್ಪವಾಗಿ ಸೇರಿಸುವುದೇ ಸರಿಯಾದ ಕ್ರಮ.

ಆ ಸಿಹಿನೀರು ಎಂತಹುದು ಎಂಬುದೂ ಮುಖ್ಯ. ಕೂಡ್ಲಿಗಿ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು; ಗಡಸುತನವೂ ಉಂಟು. ಇಂತಹ ನೀರನ್ನು ನಿತ್ಯವೂ ಸೇರಿಸಿದರೆ ಬೇಡವಾದ ಲವಣಗಳು ತೊಟ್ಟಿಯಲ್ಲಿ ಕೂಡುತ್ತ ಹೋಗುತ್ತವೆ. ಆದುದರಿಂದ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವಂತೆ, ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ಹಾಯಿಸಿ ಸೋಸಿದ ನೀರನ್ನು ಹವ್ಯಾಸಿಗಳು ಬಳಸುತ್ತಾರೆ.

ಉಷ್ಣತೆ, ಬೆಳಕು, ಚಲನೆಗಳ ವಿಷಯದಲ್ಲಿಯೂ ಇದೇ ನಿಯಮ. ಹವಳಗಳಿಗೆ ಸುಮಾರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಬೇಸಿಗೆಯ ಮಧ್ಯಾಹ್ನ ಪಾದರಸವು 40ನ್ನು ಸಮೀಪಿಸುವ ಊರಿನಲ್ಲಿ ಇದನ್ನು ಕಾಯ್ದುಕೊಳ್ಳುವುದು ಸುಲಭವಲ್ಲ. ವಿದ್ಯುತ್ತು ನಿಂತರೆ ನೀರಿನ ಚಲನೆಯೂ ನಿಲ್ಲುತ್ತದೆ. ಕರಗಿದ ಆಮ್ಲಜನಕವು ಕೆಲವೇ ಗಂಟೆಗಳಲ್ಲಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕಡಲ ನೀರಿನ ಪ್ರತಿ ಲೀಟರಿನಲ್ಲಿ 400 ಮಿಲಿಗ್ರಾಂಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಗೂಡು ಕಟ್ಟುವ ಹವಳವು ಅದನ್ನು ಹೀರಿಕೊಂಡಂತೆಲ್ಲ ಮತ್ತೆ ತುಂಬಬೇಕು. ಯಾವ ಕೊರತೆಯನ್ನೂ ಒಂದೇ ದಿನದಲ್ಲಿ ನೀಗಲು ಹೊರಡುವುದು ಕೊರತೆಗಿಂತಲೂ ಹೆಚ್ಚಿನ ಕೇಡನ್ನು ತರಬಹುದು. ಅಳೆಯುವುದು, ಬರೆದಿಡುವುದು, ಸ್ವಲ್ಪವೇ ತಿದ್ದುವುದು, ಮತ್ತೆ ಕಾಯುವುದು, ಇದೇ ಈ ಹವ್ಯಾಸದ ಶಿಸ್ತು.

ಆದರೆ ನೀರನ್ನು ಸಾಕಲು ಬಲ್ಲವನಿಗೂ ಕಡಲಿನಿಂದ ಹವಳವನ್ನು ಕಿತ್ತುತರುವ ಹಕ್ಕಿಲ್ಲ. ವನ್ಯಜೀವಿಗಳ ರಕ್ಷಣೆಗಾಗಿ ಭಾರತದಲ್ಲಿ 1972ರಲ್ಲಿ ಕಾಯಿದೆಯಾಯಿತು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಅದರ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ಹುಲಿ, ಆನೆಗಳ ಸಾಲಿನಲ್ಲಿಯೇ ಹವಳಕ್ಕೂ ಸ್ಥಾನ ದೊರೆತಿದೆ. ಅದನ್ನು ಕಡಲಿನಿಂದ ತೆಗೆಯುವುದೂ ಮಾರುವುದೂ ಅಪರಾಧ. ಕರ್ನಾಟಕದಲ್ಲಿಯೂ ಮುರುಡೇಶ್ವರದ ಆಚೆ, ಅರಬ್ಬೀ ಸಮುದ್ರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವುಗಳ ಸ್ಥಾನ ಗಾಜಿನ ತೊಟ್ಟಿಯಲ್ಲ, ಕಡಲು.

ಹಾಗಾದರೆ ಈ ಸೀಮೆಯ ವಿದ್ಯಾರ್ಥಿಗೆ ಹವಳದ ತೊಟ್ಟಿಯ ಪಾಠದಿಂದ ಪ್ರಯೋಜನವೇನು? ಸಿಹಿನೀರಿನ ಚಿಕ್ಕ ತೊಟ್ಟಿಯಲ್ಲಿ ನಾಲ್ಕು ಮೀನುಗಳನ್ನು ಸಾಕುವವನಿಗೂ ಅಮೋನಿಯದ ನಿಯಮವು ಒಂದೇ, ತಾಳ್ಮೆಯ ನಿಯಮವೂ ಒಂದೇ. ಕೆರೆಗೂ ಅದೇ ನಿಯಮ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಮನುಷ್ಯರು ಕಟ್ಟಿದುದು. ವಿಸ್ತಾರ ಸುಮಾರು 244 ಎಕರೆ. ಕಡಲನ್ನು ಕಾಣದ ಸೀಮೆಯಲ್ಲಿ ಹಿರಿಯರು ಊರಿಗೆ ‘ಸಮುದ್ರ’ವೆಂಬ ಹೆಸರಿಟ್ಟರು. ಇಂದು ಸಾವಿರಾರು ಕೊಕ್ಕರೆ, ಕೆಂಬರಲುಗಳು ಅಲ್ಲಿನ ಮರಗಳಲ್ಲಿ ತಂಗುತ್ತವೆ, ಗೂಡು ಕಟ್ಟುತ್ತವೆ. ಹಕ್ಕಿಯ ಹಿಕ್ಕೆಯನ್ನು ಸೂಕ್ಷ್ಮಾಣುಗಳು ಕರಗಿಸುತ್ತವೆ. ಅದರಿಂದ ಪಾಚಿಯೂ ಗಿಡವೂ ಬೆಳೆಯುತ್ತವೆ. ಅವನ್ನು ನಂಬಿ ಮೀನು, ಮೀನನ್ನು ನಂಬಿ ಹಕ್ಕಿ. 2017ರಲ್ಲಿ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು.

ತೊಟ್ಟಿಯ ಮೀನು ನೀರು ಕೆಟ್ಟಿತೆಂದು ಬೇರೆಡೆಗೆ ಹೋಗಲಾರದು. ಅದರ ಬದುಕು ಸಾಕುವವನ ಎಚ್ಚರವನ್ನೇ ಅವಲಂಬಿಸಿದೆ. ಹಿಂದೆ ಕೆರೆಯ ನೀರನ್ನು ಅಳೆದು ಬಿಡುತ್ತಿದ್ದ ನೀರುಗಂಟಿಯು ಒಂದು ದಿನವೂ ತನ್ನ ಕೆಲಸವನ್ನು ಮರೆಯುವಂತಿರಲಿಲ್ಲ. ತೊಟ್ಟಿಯೇ ಆಗಲಿ, ಕೆರೆಯೇ ಆಗಲಿ, ಕಡಲೇ ಆಗಲಿ, ಮನುಷ್ಯನು ನೀರನ್ನು ಕಾಯ್ದರೆ ನೀರು ಜೀವವನ್ನು ಕಾಯುತ್ತದೆ.