ಮೈಲುತುತ್ತಕ್ಕೆ ಎಷ್ಟು ಸುಣ್ಣ?

ಪ್ರಶ್ನೆ: ಪಿಯುಸಿಯಲ್ಲಿ ಕಲಿಯುವ ಮೋಲ್ ಲೆಕ್ಕ ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಹೊಂದುತ್ತದೆಯೇ?

ಉತ್ತರ: ಚೆನ್ನಾಗಿಯೇ ಹೊಂದುತ್ತದೆ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ದ್ರಾವಣದ ಅಳತೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಬೆಳೆಗಾರರಿಗೆ ಬಾಯಿಪಾಠ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಅಧ್ಯಯನವನ್ನು 1910ರಲ್ಲೇ ಪ್ರಕಟಿಸಿದ್ದರು.

ಈಗ ಲೆಕ್ಕ. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಹರಳಿನ, ಒಂದು ಮೋಲ್ ಸುಮಾರು 250 ಗ್ರಾಂ. ಹರಳಿನೊಳಗಿನ ಐದು ನೀರಿನ ಅಣುಗಳನ್ನೂ ಇದರಲ್ಲಿ ಸೇರಿಸಬೇಕು. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ 1 ಕಿಲೋದಲ್ಲಿ 4 ಮೋಲ್, 100 ಲೀಟರಿಗೆ ಹಂಚಿದರೆ ಲೀಟರಿಗೆ 0.04 ಮೋಲ್. ಪಠ್ಯದ ಸರಳ ಸಮೀಕರಣದ ಪ್ರಕಾರ ಒಂದು ಮೋಲ್ ತಾಮ್ರದ ಸಲ್ಫೇಟಿಗೆ ಒಂದು ಮೋಲ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾಕು. ಅದೇ ಅರಳಿದ ಸುಣ್ಣ; ಅದರ ಮೋಲ್ 74 ಗ್ರಾಂ. ನಾಲ್ಕು ಮೋಲಿಗೆ 296 ಗ್ರಾಂ.

ಹಾಗಿದ್ದರೆ 1 ಕಿಲೋ ಯಾಕೆ?

ಪೇಟೆಯ ಸುಣ್ಣ ಶುದ್ಧವಲ್ಲ. ಗಾಳಿಗೆ ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹೀರಿ ಅದರ ಒಂದು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಕಸುವು ಕಳೆದುಕೊಳ್ಳುತ್ತದೆ. ಸುಣ್ಣ ಸಾಲದೆ ಕರಗಿದ ತಾಮ್ರ ಉಳಿದರೆ ಎಳೆಗಾಯಿ ಸುಡುತ್ತದೆ. ಆದ್ದರಿಂದ ಸುಣ್ಣವೇ ಹೆಚ್ಚಿರಲಿ ಎಂಬುದು ವಿವೇಕದ ಲೆಕ್ಕ. ಇಲ್ಲಿ ಮೊದಲು ಮುಗಿಯಬೇಕಾದದ್ದು ತಾಮ್ರ.

ಪರೀಕ್ಷೆಯೂ ಸುಲಭ: ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡಬೇಕು. ಅಲಗಿಗೆ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು.